ಯಕೃತ್ತಿನ ಕಣ್ಣು ತಪ್ಪಿಸಿದ ಗುಳ್ಳೆ

ಕೇಂಬ್ರಿಜ್ ಪಟ್ಟಣದ ಹತ್ತಿರ ಬೇಬ್ರಹಾಂ ಎಂಬ ಹಳ್ಳಿ. ದನ, ಕುರಿ, ಹಂದಿಗಳ ಶರೀರಕ್ರಿಯೆಯನ್ನು ಅಭ್ಯಾಸ ಮಾಡಲು ಬ್ರಿಟನ್ನಿನ ಕೃಷಿ ಸಂಶೋಧನಾ ಮಂಡಳಿ ಅಲ್ಲೊಂದು ಸಂಸ್ಥೆಯನ್ನು ನಡೆಸುತ್ತಿತ್ತು. 1961ರಲ್ಲಿ ಆ ಸಂಸ್ಥೆಗೆ ಹೊಸ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂತು. ಬಂದ ಯಂತ್ರವನ್ನು ಒರೆಗೆ ಹಚ್ಚಬೇಕಿತ್ತು. ಅದರಡಿ ಇಡಲು ಏನಾದರೊಂದು ಬೇಕಿತ್ತು. ಅಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ ತಮ್ಮ ಪ್ರಯೋಗಗಳಿಗೆ ಬಳಸುತ್ತಿದ್ದ ಒಣಗಿದ ಕೊಬ್ಬನ್ನೇ ಮುಂದಿಟ್ಟರು. ಕ್ಯಾನ್ಸರಿನ ಔಷಧಕ್ಕಾಗಲಿ ಬಿಹಾರದ ಕಾಳಾ ಅಜಾರ್ ಜ್ವರಕ್ಕಾಗಲಿ ಆ ದಿನದ ಕೆಲಸದ ಜೊತೆ ನಂಟಿದೆ ಎಂದು ಅಂದು ಯಾರಾದರೂ ಹೇಳಿದ್ದರೆ ಬ್ಯಾಂಗಮ್ ನಕ್ಕುಬಿಡುತ್ತಿದ್ದರೇನೋ.

ಬ್ಯಾಂಗಮ್ ಓದಿದ್ದು ವೈದ್ಯಕೀಯ. 1921ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಿತು, 1952ರಲ್ಲಿ ಬೇಬ್ರಹಾಂಗೆ ಬಂದವರು. ಅವರ ತಲೆ ತಿನ್ನುತ್ತಿದ್ದದ್ದು ರಕ್ತ. ಕೋಟಿಗಟ್ಟಲೆ ಕೆಂಪು ಕಣಗಳು ಇಕ್ಕಟ್ಟಿನ ನಾಳಗಳಲ್ಲಿ ಒಂದನ್ನೊಂದು ತಳ್ಳಿಕೊಂಡು ಹರಿದರೂ ಅಂಟಿಕೊಳ್ಳುವುದಿಲ್ಲವೇಕೆ? ಗಾಯವಾದೊಡನೆ ಅದೇ ರಕ್ತ ಹೆಪ್ಪುಗಟ್ಟುವುದು ಹೇಗೆ? ಉತ್ತರ ಕಣಗಳ ಮೇಲ್ಮೈಯಲ್ಲಿದೆ, ಅಲ್ಲಿನ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಲ್ಲಿದೆ ಎಂದು ಅವರಿಗೆ ಅನುಮಾನ. ಅದಕ್ಕಾಗಿ ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಎಂಬ ಫಾಸ್ಫೋಲಿಪಿಡ್ಡನ್ನು ಗಾಜಿನ ಮೇಲೆ ಸವರಿ ನೀರು ತಾಕಿಸುತ್ತಿದ್ದರು. ನೀರು ಸೋಕಿದ್ದೇ ತಡ, ಕೊಬ್ಬಿನ ಅಂಚಿನಿಂದ ಸಣ್ಣ ಸಣ್ಣ ಕುಡಿಗಳು ಹೊರಟು ಸುರುಳಿ ಸುತ್ತಿ ಬೆಳೆಯುತ್ತಿದ್ದವು. ಈ ಆಟ ಹೊಸದಲ್ಲ. 1854ರಲ್ಲೇ ಜರ್ಮನಿಯ ವಿರ್ಕೋ ಇಂಥ ಸುರುಳಿಗಳನ್ನು ವರ್ಣಿಸಿದ್ದರು. ನೂರು ವರ್ಷಗಳಿಂದ ನೋಡಿದವರೆಲ್ಲ ಚೆಂದವಾಗಿದೆ ಎಂದು ಮುಂದೆ ಹೋಗಿದ್ದರು. ಬ್ಯಾಂಗಮ್ ಅಲ್ಲೇ ನಿಂತರು.

ಅದೃಷ್ಟಕ್ಕೆ, ಹೊಸ ಯಂತ್ರದ ಬಳಿ ಅವರ ಜೊತೆಗಿದ್ದವರು ರಾಬರ್ಟ್ ಹಾರ್ನ್. ವೈರಸ್ಸುಗಳ ಚಿತ್ರ ತೆಗೆಯಲು ಹಾರ್ನ್ ಮತ್ತು ಸಿಡ್ನಿ ಬ್ರೆನ್ನರ್ ಕೂಡಿ 1959ರಲ್ಲಿ ಒಂದು ಉಪಾಯ ಪ್ರಕಟಿಸಿದ್ದರು. ನೋಡಬೇಕಾದ ವಸ್ತುವಿಗೆ ಬಣ್ಣ ಹಾಕುವ ಬದಲು ಅದರ ಸುತ್ತಮುತ್ತ ಭಾರದ ಟಂಗ್‌ಸ್ಟನ್ ಲವಣ ತುಂಬುವುದು. ಹಿನ್ನೆಲೆ ಕಪ್ಪಾಗಿ, ವಸ್ತು ಬೆಳ್ಳಗೆ ಎದ್ದು ಕಾಣುತ್ತದೆ. ಅದೇ ಲವಣದ ದ್ರಾವಣವನ್ನು ಬ್ಯಾಂಗಮ್‌ರ ಕೊಬ್ಬಿಗೆ ಸೇರಿಸಿ ಯಂತ್ರದೊಳಗೆ ಇಟ್ಟರು. ಪರದೆಯ ಮೇಲೆ ಕಂಡದ್ದು ಮುದ್ದೆಯಲ್ಲ. ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಒಂದರೊಳಗೊಂದು ಕೂತ ಪದರಗಳು. ಬಿಳಿ ಗೆರೆ, ಕಪ್ಪು ಗೆರೆ, ಮತ್ತೆ ಬಿಳಿ ಗೆರೆ. ಒಂದೊಂದು ಪದರದ ದಪ್ಪ ನಾಲ್ಕೈದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಲಕ್ಷಗಳಲ್ಲೊಂದು ಪಾಲಿನ ಲೆಕ್ಕ. ಹೆಚ್ಚಿನ ಬೆರಗು ಬೇರೆಯೇ ಇತ್ತು. ಜೀವಕೋಶಗಳ ಪೊರೆಯ ಚಿತ್ರಗಳನ್ನು ಅವರಿಬ್ಬರೂ ನೋಡಿದ್ದರು. ಅದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಬದುಕಿರುವ ಕೋಶದ ಹೊರಗೋಡೆಯನ್ನು ಸತ್ತ ಕೊಬ್ಬು ತಾನೇ ಕಟ್ಟಿಕೊಂಡಿತ್ತು. ನೀರಿನ ಹೊರತು ಮತ್ತೇನನ್ನೂ ಕೇಳಿರಲಿಲ್ಲ.

ಚಿತ್ರ ನೋಡಿ ಹಿಗ್ಗಬಹುದಿತ್ತು, ನಂಬುವುದು ಕಷ್ಟವಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಗಾಳಿಯಿಲ್ಲ, ನೀರಿಲ್ಲ. ಒಣಗಿಸಿದ ವಸ್ತು ಒಣಗುವಾಗಲೇ ಹಾಗೆ ಮಡಿಸಿಕೊಂಡಿರಬಾರದೇಕೆ? ಪದರಗಳು ನಿಜವಾಗಿ ಮುಚ್ಚಿದ ಚೀಲಗಳೋ, ಬಾಯಿ ತೆರೆದ ಸುರುಳಿಗಳೋ? 1964ರಲ್ಲಿ ಚಿತ್ರಗಳು ಪ್ರಕಟವಾದರೂ ಈ ಪ್ರಶ್ನೆ ಬಾಕಿ ಉಳಿಯಿತು. ಬ್ಯಾಂಗಮ್, ಮಾಲ್ಕಮ್ ಸ್ಟ್ಯಾಂಡಿಶ್, ಜೆಫ್ ವಾಟ್ಕಿನ್ಸ್ ಮೂವರೂ ಕೂಡಿ ಅದನ್ನು ಚಿತ್ರದ ಗೊಡವೆಯೇ ಇಲ್ಲದೆ ಬಗೆಹರಿಸಲು ಹೊರಟರು. ಗಾಜಿನ ಬುರುಡೆಯ ಒಳಮೈಗೆ ಕೊಬ್ಬನ್ನು ತೆಳ್ಳಗೆ ಹಿಡಿಸಿ, ಉಪ್ಪುನೀರು ಹಾಕಿ ಕುಲುಕಿದರು. ಹೊರಗಿನ ಉಪ್ಪನ್ನು ತೊಳೆದು ತೆಗೆದರು. ಸುರುಳಿಗಳಾಗಿದ್ದರೆ ಒಳಗಿನ ಉಪ್ಪೂ ಜೊತೆಗೆ ಹೋಗಬೇಕಿತ್ತು. ಹೋಗಲಿಲ್ಲ. ಆ ಉಪ್ಪಿನ ಪೊಟ್ಯಾಸಿಯಂ ಒಳಗೇ ಕೂತು, ಬಹಳ ನಿಧಾನವಾಗಿ ಸೋರಿತು. ಕ್ಲೋರೈಡ್ ಅದಕ್ಕಿಂತ ಎಷ್ಟೋ ಬೇಗ ಹೊರಬಿತ್ತು. ಈಥರ್, ಕ್ಲೋರೋಫಾರ್ಮ್‌ನಂಥ ಅರಿವಳಿಕೆಗಳನ್ನು ಸೇರಿಸಿದರೆ ಸೋರಿಕೆ ಹೆಚ್ಚಿತು. ಮನುಷ್ಯನಿಗೆ ಮಂಪರು ತರಿಸುವ ವಸ್ತು ಈ ಗುಳ್ಳೆಗಳ ಗೋಡೆಯನ್ನೂ ಸಡಿಲಿಸುತ್ತಿತ್ತು. 1965ರಲ್ಲಿ ಪ್ರಕಟವಾದ ಈ ಲೆಕ್ಕಗಳ ಮುಂದೆ ವಾದಕ್ಕೆ ಜಾಗ ಉಳಿಯಲಿಲ್ಲ.

ಗುಳ್ಳೆಯನ್ನು ಗೆಳೆಯರು ತಮಾಷೆಗೆ ಬ್ಯಾಂಗಸೋಮ್ ಎಂದರು. ನ್ಯೂಯಾರ್ಕಿನಿಂದ ಬಂದಿದ್ದ ವೈದ್ಯ ಜೆರಾಲ್ಡ್ ವೈಸ್‌ಮನ್ ಸೂಚಿಸಿದ ಲೈಪೋಸೋಮ್ ಎಂಬ ಹೆಸರು ನಿಂತಿತು. ಬ್ಯಾಂಗಮ್‌ರಿಗೆ ಇದರಲ್ಲಿ ಔಷಧ ತುಂಬುವ ಹಂಬಲವೇನೂ ಇರಲಿಲ್ಲ. ಜೀವಕೋಶದ ಪೊರೆಯನ್ನು ಬಿಡಿಬಿಡಿಯಾಗಿ ಅರಿಯಲು ಒಂದು ಮಾದರಿ ಸಿಕ್ಕಿತಲ್ಲ, ಅಷ್ಟೇ ಅವರಿಗೆ ಸಾಕಾಗಿತ್ತು. ಆ ದಿನಗಳಲ್ಲಿ ಬೇಬ್ರಹಾಂನಲ್ಲಿ ವಾಟ್ಕಿನ್ಸ್ ಜೊತೆ ದುಡಿದು, ಈ ಕಸುಬು ಕಲಿತು ಅಮೆರಿಕಕ್ಕೆ ಹೋದ ಒಬ್ಬ ಗ್ರೀಕ್ ಯುವಕನಿದ್ದ, ಡಿಮಿಟ್ರಿಯೋಸ್ ಪಾಪಹಜೋಪುಲೋಸ್. ಕತೆಗೆ ಅವನು ಮತ್ತೆ ಬರುತ್ತಾನೆ.

ಅದಕ್ಕೆ ಮೊದಲು ಇನ್ನೊಬ್ಬ ಗ್ರೀಕ್ ಬಂದ. ಅಥೆನ್ಸಿನಲ್ಲಿ ಹುಟ್ಟಿದ ಗ್ರೆಗರಿ ಗ್ರೆಗೋರಿಯಾಡಿಸ್ 1970ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗೆ ಸೇರಿದ. ಅಲ್ಲಿ ಬ್ರೆಂಡಾ ರೈಮನ್ ಎಂಬ ವಿಜ್ಞಾನಿ ಕಿಣ್ವಗಳ ಕೊರತೆಯಿಂದ ಬರುವ ಹುಟ್ಟುಕಾಯಿಲೆಗಳ ಬಗ್ಗೆ ಕೆಲಸ ಮಾಡುತ್ತಿದ್ದರು. ಒಂದೇ ಒಂದು ಕಿಣ್ವ ಇಲ್ಲದ ಮಗುವಿನ ಯಕೃತ್ತು, ಗುಲ್ಮಗಳಲ್ಲಿ ಕರಗದ ಸರಕು ರಾಶಿ ಬಿದ್ದು ಹೊಟ್ಟೆ ಊದಿಕೊಳ್ಳುತ್ತಿತ್ತು. ಇಲ್ಲದ ಕಿಣ್ವವನ್ನು ಸೂಜಿಯಲ್ಲಿ ಕೊಟ್ಟರಾಯಿತು ಎನ್ನುವಂತಿರಲಿಲ್ಲ. ರಕ್ತದಲ್ಲಿ ಅದು ಹಾಳಾಗುತ್ತಿತ್ತು, ಇಲ್ಲವೇ ದೇಹ ಅದನ್ನು ಪರಕೀಯವೆಂದು ಅಟ್ಟುತ್ತಿತ್ತು. ಹಾಗಾದರೆ ಬ್ಯಾಂಗಮ್‌ರ ಗುಳ್ಳೆಯೊಳಗೆ ಮುಚ್ಚಿಟ್ಟು ಕಳಿಸಿದರೆ? ಬೂಷ್ಟಿನಿಂದ ತೆಗೆದ ಕಿಣ್ವವೊಂದನ್ನು ಲೈಪೋಸೋಮಿನಲ್ಲಿ ತುಂಬಿ ಇಲಿಗಳಿಗೆ ಚುಚ್ಚಿದರು. ಕಿಣ್ವ ನೇರವಾಗಿ ಯಕೃತ್ತಿಗೂ ಗುಲ್ಮಕ್ಕೂ ಹೋಗಿ ಸೇರಿತು. 1971ರಲ್ಲಿ ಗ್ರೆಗೋರಿಯಾಡಿಸ್, ಲೆದ್‌ವುಡ್, ರೈಮನ್ ಮೂವರ ಹೆಸರಿನಲ್ಲಿ ಪ್ರಬಂಧ ಬಂತು. ಕೊಬ್ಬಿನ ಗುಳ್ಳೆ ಔಷಧ ಹೊರುವ ವಾಹನವಾಗಬಲ್ಲುದೆಂದು ಅದು ಸಾರಿತು. ಕೆಲವೇ ವರ್ಷಗಳಲ್ಲಿ ಪ್ರಯೋಗಾಲಯಗಳು ಕೈಗೆ ಸಿಕ್ಕ ಔಷಧಗಳನ್ನೆಲ್ಲ ಗುಳ್ಳೆಗೆ ತುಂಬತೊಡಗಿದವು.

ಹುರುಪು ಬಹಳ ದಿನ ಉಳಿಯಲಿಲ್ಲ. ಕ್ಯಾನ್ಸರಿನ ಗಡ್ಡೆ ಎದೆಯಲ್ಲಿರಲಿ, ಹೊಟ್ಟೆಯಲ್ಲಿರಲಿ, ಗುಳ್ಳೆಗಳು ಹೋಗಿ ಬೀಳುತ್ತಿದ್ದದ್ದು ಯಕೃತ್ತಿಗೇ. ಇಲಿಯಲ್ಲಿ ಗೆಲುವೆಂದು ಕಂಡದ್ದೇ ಈಗ ಗೋಡೆಯಾಗಿ ನಿಂತಿತು. ಯಕೃತ್ತಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕುಪ್ಫರ್ ಕೋಶಗಳು ಕೂತಿರುತ್ತವೆ. ಹರಿದು ಬರುವ ರಕ್ತದಲ್ಲಿ ಬ್ಯಾಕ್ಟೀರಿಯಾ, ಹಳೆಯ ರಕ್ತಕಣ, ಕಸಕಡ್ಡಿ ಯಾವುದೇ ಇರಲಿ, ಹಿಡಿದು ನುಂಗುವುದೇ ಅವುಗಳ ಉದ್ಯೋಗ. ಗುಳ್ಳೆಗಳನ್ನೂ ಅವು ಕಸವೆಂದೇ ಬಗೆದವು. ರಕ್ತದ ಪ್ರೋಟೀನುಗಳು ಗುಳ್ಳೆಯ ಮೈಗೆ ಅಂಟಿಕೊಂಡು ಇದೋ ಇಲ್ಲಿದೆ ಎಂದು ತೋರಿಸಿಕೊಡುತ್ತಿದ್ದವು ಬೇರೆ. ಇದರ ಮೇಲೆ ತಯಾರಿಕೆಯ ಗೋಳು: ಒಂದು ಸಲ ಮಾಡಿದ ಗುಳ್ಳೆಯ ಗಾತ್ರ ಇನ್ನೊಂದು ಸಲ ಬರುತ್ತಿರಲಿಲ್ಲ, ಇಟ್ಟಲ್ಲೇ ಔಷಧ ಸೋರುತ್ತಿತ್ತು, ಮೊಟ್ಟೆಯ ಕೊಬ್ಬು ಕಮಟುತ್ತಿತ್ತು. ಪದರ ಹೆಚ್ಚಿದಷ್ಟೂ ಗುಳ್ಳೆ ದೊಡ್ಡದು, ದೊಡ್ಡದಾದಷ್ಟೂ ಯಕೃತ್ತಿಗೆ ಸುಲಭದ ತುತ್ತು. ಬೇಬ್ರಹಾಂನ ಚಿತ್ರದಲ್ಲಿ ಮನಸೆಳೆದ ಪದರಗಳೇ ಹೊರೆಯಾದವು.

ಯಕೃತ್ತಿನ ಈ ಹಸಿವನ್ನು ಶತ್ರುವೆಂದು ನೋಡದವರೂ ಇದ್ದರು, ಅವರ ಕತೆಯನ್ನು ಇಲ್ಲೇ ಹೇಳಿಬಿಡಬೇಕು. ಕಾಳಾ ಅಜಾರ್ ಜ್ವರವನ್ನು ತರುವ ಲೀಷ್ಮೇನಿಯಾ ಪರೋಪಜೀವಿ ಮರಳುನೊಣದ ಕಡಿತದಿಂದ ದೇಹ ಹೊಕ್ಕು ಮನೆ ಮಾಡಿಕೊಳ್ಳುವುದು ಯಕೃತ್ತು, ಗುಲ್ಮ, ಮೂಳೆಮಜ್ಜೆಗಳ ಇದೇ ನುಂಗುಕೋಶಗಳ ಒಳಗೆ. ಕಳ್ಳ ಅಡಗಿದ್ದು ಪೊಲೀಸರ ಹೊಟ್ಟೆಯಲ್ಲಿ! ಅಲ್ಲಿಗೆ ಔಷಧ ತಲುಪಿಸಲು ಲೈಪೋಸೋಮಿಗಿಂತ ಒಳ್ಳೆಯ ವಾಹನ ಎಲ್ಲಿ ಸಿಕ್ಕೀತು? 1970ರ ದಶಕದ ಕೊನೆಗೆ ಬ್ರಿಟನ್, ಅಮೆರಿಕಗಳ ಪ್ರಯೋಗಾಲಯಗಳಲ್ಲಿ ಇದು ಪ್ರಾಣಿಗಳ ಮೇಲೆ ರುಜುವಾತಾಯಿತು. ಮುಂದೆ ಆಂಫೊಟೆರಿಸಿನ್ ಎಂಬ ಔಷಧವನ್ನು ಗುಳ್ಳೆಯ ಗೋಡೆಯಲ್ಲೇ ಹೆಣೆದು ಆಂಬಿಸೋಮ್ ತಯಾರಾಯಿತು. ಬರೀ ಆಂಫೊಟೆರಿಸಿನ್ ಕೊಟ್ಟರೆ ರೋಗಿಗೆ ಚಳಿ ನಡುಕ ಹತ್ತಿ, ಮೂತ್ರಪಿಂಡ ಕೆಡುತ್ತಿತ್ತು. ಬಿಹಾರದ ಮುಜಫ್ಫರ್‌ಪುರದಲ್ಲಿ ಡಾಕ್ಟರ್ ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಹಳೆಯ ಕ್ರಮದಲ್ಲಿ ದಿನ ಬಿಟ್ಟು ದಿನ 15 ಡ್ರಿಪ್, ಸುಮಾರು ಒಂದು ತಿಂಗಳ ಆಸ್ಪತ್ರೆವಾಸ. ಹೊಸದರಲ್ಲಿ ತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಡ್ರಿಪ್. ಆರು ತಿಂಗಳ ಮೇಲೆ ಎರಡೂ ಗುಂಪಿನಲ್ಲಿ ಗುಣವಾದವರು ನೂರಕ್ಕೆ 96ರ ಆಸುಪಾಸು. 2010ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೂಲಿ ಬಿಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಲಾರದವರಿಗೆ ಒಂದೇ ಡ್ರಿಪ್ಪಿನ ಬೆಲೆ ಏನೆಂದು ಅಂಕಿಗಳಲ್ಲಿ ಹೇಳಲಾಗದು. 2021ರ ಬೇಸಿಗೆಯಲ್ಲಿ ಕೋವಿಡ್ಡಿನ ಬೆನ್ನಿಗೆ ಕಪ್ಪು ಶಿಲೀಂಧ್ರ ರೋಗ ಬಂದಾಗ ಕರ್ನಾಟಕದ ಮನೆಮಂದಿ ಚೀಟಿ ಹಿಡಿದು ಔಷಧದಂಗಡಿಯಿಂದ ಔಷಧದಂಗಡಿಗೆ ಅಲೆದದ್ದೂ ಇದೇ ಲೈಪೋಸೋಮಲ್ ಆಂಫೊಟೆರಿಸಿನ್ನಿನ ಸೀಸೆಗಾಗಿ.

ಕ್ಯಾನ್ಸರಿನವರಿಗೆ ಆ ದಾರಿ ಮುಚ್ಚಿತ್ತು. ಜೆರುಸಲೇಮಿನಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಕೊಬ್ಬಿನ ರಸಾಯನ ಬಲ್ಲವರು. ಹದಾಸಾ ಆಸ್ಪತ್ರೆಯ ಆಲ್ಬರ್ಟೊ ಗಾಬಿಜಾನ್ ಕ್ಯಾನ್ಸರ್ ವೈದ್ಯ. 1979ರ ಸುಮಾರಿಗೆ ಇಬ್ಬರೂ ಡಾಕ್ಸೊರುಬಿಸಿನ್ ಔಷಧವನ್ನು ಹಿಡಿದು ಕೂತರು. ಇಟಲಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯ ತಳಿಯಿಂದ 1960ರ ದಶಕದಲ್ಲಿ ಬಂದ ಕೆಂಪು ಬಣ್ಣದ ಔಷಧ ಅದು. ಗಡ್ಡೆಯನ್ನು ಕರಗಿಸುವುದರಲ್ಲಿ ಎತ್ತಿದ ಕೈ, ಹೃದಯದ ಸ್ನಾಯುವನ್ನು ಕೆಡಿಸುವುದರಲ್ಲೂ ಅಷ್ಟೇ. ಒಬ್ಬ ರೋಗಿಗೆ ಬದುಕಿನಲ್ಲಿ ಇಷ್ಟೇ ಕೊಡಬಹುದೆಂಬ ಲೆಕ್ಕ ಮುಗಿದರೆ, ಗಡ್ಡೆ ಇನ್ನೂ ಉಳಿದಿದ್ದರೂ ವೈದ್ಯ ಕೈಚೆಲ್ಲಬೇಕು. ಹೃದಯವನ್ನು ತಪ್ಪಿಸಿ ಹೋಗುವ ವಾಹನ ಬೇಕಿತ್ತು. ಅವರು ಕೆಲವೇ ಪದರಗಳ ಲೈಪೋಸೋಮ್ ಮಾಡಿ, ಔಷಧವನ್ನು ಅದರ ಗೋಡೆಗೆ ಅಂಟಿಸಿದರು. ಗುಳ್ಳೆ ಹೇಗೂ ಯಕೃತ್ತಿಗೆ ಓಡುತ್ತದೆ, ಯಕೃತ್ತಿನಲ್ಲೇ ಗಡ್ಡೆ ಇರುವವರಿಗೆ ಕೊಡೋಣ ಎಂಬುದು ಎಣಿಕೆ. ಜಾಣ ಎಣಿಕೆಯೇ. 1980ರ ದಶಕದ ನಡುವೆ ಹದಾಸಾದಲ್ಲಿ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು, ಎಣಿಕೆ ಕೈಕೊಟ್ಟಿತು. ಗುಳ್ಳೆಗಳು ಯಕೃತ್ತಿಗೇನೋ ಹೋದವು. ಅಲ್ಲಿ ಅವನ್ನು ನುಂಗಿದ್ದು ಆರೋಗ್ಯವಂತ ಕುಪ್ಫರ್ ಕೋಶಗಳು, ಗಡ್ಡೆಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಗೋಡೆಗೆ ಅಂಟಿಸಿದ್ದ ಔಷಧವಂತೂ ರಕ್ತಕ್ಕೆ ಬಿದ್ದೊಡನೆ ಉದುರತೊಡಗಿತ್ತು.

ವರ್ಷಗಳ ದುಡಿಮೆ ಹೀಗೆ ಮುಗಿದಾಗ ಬೇರೆಯವರಾಗಿದ್ದರೆ ವಿಷಯ ಬದಲಿಸುತ್ತಿದ್ದರು. ಇವರು ಸೋಲನ್ನೇ ಬಿಡಿಸಿ ಎರಡು ಪ್ರಶ್ನೆ ಮಾಡಿಕೊಂಡರು. ಗುಳ್ಳೆ ಯಕೃತ್ತಿನ ಕಣ್ಣಿಗೆ ಬೀಳದಂತೆ ರಕ್ತದಲ್ಲಿ ಸುತ್ತುವುದು ಹೇಗೆ? ಸುತ್ತುವಷ್ಟು ಹೊತ್ತೂ ಔಷಧ ಒಳಗೇ ಇರುವುದು ಹೇಗೆ? ಮೊದಲನೆಯದರ ಬೆನ್ನು ಹತ್ತಿ ಗಾಬಿಜಾನ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಲ್ಲಿದ್ದವರು ಬೇಬ್ರಹಾಂನ ಹಳೆಯ ಶಿಷ್ಯ ಪಾಪಹಜೋಪುಲೋಸ್. ಅಷ್ಟರಲ್ಲಿ ಕೆನಡಾದ ತೆರೇಸಾ ಆಲನ್ ಒಂದು ಸರಳ ಮಾತನ್ನು ಎತ್ತಿದ್ದರು: ಕೆಂಪು ರಕ್ತಕಣ ತಿಂಗಳುಗಟ್ಟಲೆ ಸುತ್ತಿದರೂ ಯಕೃತ್ತು ಅದನ್ನು ಮುಟ್ಟುವುದಿಲ್ಲವಲ್ಲ, ಅದರ ಮೈಯನ್ನೇ ಗುಳ್ಳೆಗೆ ತೊಡಿಸಿದರೆ? ಸಕ್ಕರೆ ಹೊತ್ತ ಕೊಬ್ಬೊಂದನ್ನು ಸೇರಿಸಿದಾಗ ಗುಳ್ಳೆಗಳು ನಿಜವಾಗಿ ಹೆಚ್ಚು ಹೊತ್ತು ಉಳಿದವು. 1988ರಲ್ಲಿ ಗಾಬಿಜಾನ್ ಮತ್ತು ಪಾಪಹಜೋಪುಲೋಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಹೆಚ್ಚು ಹೊತ್ತು ಸುತ್ತುವ ಗುಳ್ಳೆಗಳು ಇಲಿಯ ಗಡ್ಡೆಯಲ್ಲಿ ಹೆಚ್ಚು ಶೇಖರವಾಗುತ್ತವೆಂದು ತೋರಿಸಿಕೊಟ್ಟರು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡದ ಫಲಿತಾಂಶ ಬಂತು. ಅವರು ತೀರ ಚಿಕ್ಕ ಲೈಪೋಸೋಮಿನೊಳಗೆ ಔಷಧದ ಬದಲು ವಿಕಿರಣ ಸೂಸುವ ಇಂಡಿಯಂ ತುಂಬಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟಿದ್ದರು. ಗಾಮಾ ಕ್ಯಾಮೆರಾದ ಚಿತ್ರಗಳಲ್ಲಿ ಯಕೃತ್ತಿನ ಜೊತೆಗೆ ಗಡ್ಡೆಗಳೂ ಬೆಳಗಿದವು. ರೋಗಪತ್ತೆಗೆಂದು ಮಾಡಿದ್ದು, ಚಿಕಿತ್ಸೆಯವರಿಗೆ ಬಲ ತಂದುಕೊಟ್ಟಿತು. ಚಿಕ್ಕ, ಗಟ್ಟಿಮುಟ್ಟಾದ ಗುಳ್ಳೆ ಮನುಷ್ಯನ ಗಡ್ಡೆಯನ್ನು ಹುಡುಕಿಕೊಂಡು ಹೋಗಬಲ್ಲುದೆಂಬುದಕ್ಕೆ ಈಗ ಕಣ್ಣಾರೆ ಸಾಕ್ಷಿ ಇತ್ತು.

ತೆರೇಸಾ ಆಲನ್ ಬಳಸಿದ ಕೊಬ್ಬು ದುಬಾರಿ. ದನದ ಮಿದುಳಿನಿಂದ ತೆಗೆಯಬೇಕಿತ್ತು. ಅದರ ಬದಲಿಗೆ ಸಿಕ್ಕಿದ್ದು ಪಾಲಿಎಥಿಲೀನ್ ಗ್ಲೈಕಾಲ್, ಮುಲಾಮು ಮತ್ತು ಭೇದಿಯ ಔಷಧಗಳಲ್ಲಿ ಬಳಕೆಯಲ್ಲಿರುವ ಅಗ್ಗದ ಸರಕು. 1990ರ ಸುಮಾರಿಗೆ ಹಲವು ತಂಡಗಳು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಅದನ್ನು ಗುಳ್ಳೆಯ ಮೈಗೆ ನೆಟ್ಟು ನೋಡಿದವು. ಯಾರು ಮೊದಲೆಂಬ ಜಗಳಕ್ಕೆ ಹೋಗದಿರುವುದೇ ಒಳ್ಳೆಯದು. ಇತ್ತ ಜೆರುಸಲೇಮಿನಲ್ಲಿ ಬಾರೆನ್‌ಹೋಲ್ಜ್ ಮತ್ತು ಅವರ ವಿದ್ಯಾರ್ಥಿಗಳು ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿದ್ದರು: ಗುಳ್ಳೆಯೊಳಗೆ ಮೊದಲೇ ಅಮೋನಿಯಂ ಸಲ್ಫೇಟ್ ತುಂಬಿಡುವುದು. ಗದ್ದೆಗೆ ಹಾಕುವ ಗೊಬ್ಬರವೇ ಅದು. ಕ್ಯಾಲಿಫೋರ್ನಿಯಾದ ಲೈಪೋಸೋಮ್ ಟೆಕ್ನಾಲಜಿ ಕಂಪನಿಯಲ್ಲಿ ಎರಡು ಉತ್ತರಗಳೂ ಒಂದೇ ಗುಳ್ಳೆಯಲ್ಲಿ ಕೂಡಿದವು. ಬಹುಪದರದ ಗುಳ್ಳೆ ಹೋಗಿ ಒಂದೇ ಜೋಡಿಪದರದ, 100 ನ್ಯಾನೋಮೀಟರಿಗೂ ಕಿರಿದಾದ ಗುಳ್ಳೆ ಬಂದಿತ್ತು.

1990ರ ದಶಕದ ಆರಂಭದಲ್ಲಿ ಅದು ಹದಾಸಾ ಆಸ್ಪತ್ರೆಗೇ, ಹಿಂದೆ ಸೋತ ಅಂಗಳಕ್ಕೇ ಬಂತು. ರೋಗಿಗಳಿಗೆ ಡ್ರಿಪ್ ಹಾಕಿ, ಮತ್ತೆ ಮತ್ತೆ ರಕ್ತ ತೆಗೆದು ಅಳೆದರು. ಬರೀ ಡಾಕ್ಸೊರುಬಿಸಿನ್ ಆಗಿದ್ದರೆ ನಿಮಿಷಗಳಲ್ಲೇ ರಕ್ತದಿಂದ ಜಾರಿ ಅಂಗಾಂಗಗಳಿಗೆ ಹಂಚಿಹೋಗುತ್ತಿತ್ತು. ಗುಳ್ಳೆಯ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಎರಡು ದಿನ ಬೇಕಾಯಿತು. ಇದ್ದದ್ದೂ ಹೆಚ್ಚುಕಡಿಮೆ ಎಲ್ಲ ಗುಳ್ಳೆಯ ಒಳಗೇ ಇತ್ತು. ಕ್ಯಾನ್ಸರಿನಿಂದ ಎದೆ, ಹೊಟ್ಟೆಗಳಲ್ಲಿ ತುಂಬಿದ್ದ ನೀರನ್ನು ತೆಗೆದು ನೋಡಿದರೆ, ಬರೀ ಔಷಧ ಕೊಟ್ಟಾಗಿನದಕ್ಕಿಂತ 4ರಿಂದ 16 ಪಟ್ಟು ಹೆಚ್ಚು ಔಷಧ ಅಲ್ಲಿ ಸಿಕ್ಕಿತು. 1994ರಲ್ಲಿ ಈ ಲೆಕ್ಕ ಅಚ್ಚಾಯಿತು. 1995ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಡಾಕ್ಸಿಲ್ ಎಂಬ ಹೆಸರಿನ ಈ ಔಷಧವನ್ನು ಏಡ್ಸ್ ರೋಗಿಗಳಲ್ಲಿ ಕಾಣುವ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿಗೆ ಒಪ್ಪಿದರು. ಬೇಬ್ರಹಾಂನ ಪರದೆಯ ಮೇಲೆ ಆ ಗೆರೆಗಳು ಮೂಡಿ 34 ವರ್ಷಗಳಾಗಿದ್ದವು.

ಗುಟ್ಟು ಇಷ್ಟೇ ಆಗಿತ್ತು. ಗುಳ್ಳೆಯ ಒಳಗಿನ ಅಮೋನಿಯಂ ಲವಣದಿಂದ ಅಮೋನಿಯಾ ಸ್ವಲ್ಪ ಸ್ವಲ್ಪವೇ ಗೋಡೆ ದಾಟಿ ಹೊರಹೋಗುವಾಗ ಒಂದೊಂದು ಪ್ರೋಟಾನನ್ನು ಒಳಗೆ ಬಿಟ್ಟು ಹೋಗುತ್ತದೆ, ಒಳಭಾಗ ಆಮ್ಲೀಯವಾಗುತ್ತದೆ. ಹೊರಗಿನ ಡಾಕ್ಸೊರುಬಿಸಿನ್ ವಿದ್ಯುದಂಶವಿಲ್ಲದ ರೂಪದಲ್ಲಿ ಕೊಬ್ಬಿನ ಗೋಡೆಯನ್ನು ದಾಟಿ ಬಂದು, ಆ ಪ್ರೋಟಾನನ್ನು ಎತ್ತಿಕೊಂಡೊಡನೆ ಮತ್ತೆ ದಾಟಲಾರದಂತಾಗುತ್ತದೆ. ಅಲ್ಲೇ ಸಲ್ಫೇಟ್ ಅದನ್ನು ಹಿಡಿದು ಹರಳುಗಟ್ಟಿಸುತ್ತದೆ. ಹೀಗೆ ಒಂದು ಗುಳ್ಳೆಯಲ್ಲಿ ಸಾವಿರಾರು ಅಣುಗಳು ತಾವಾಗಿ ಬಂದು ಸೆರೆಯಾಗುತ್ತವೆ. ಹೊರಮೈಯಲ್ಲಿ ನೆಟ್ಟ ಪಾಲಿಎಥಿಲೀನ್ ಗ್ಲೈಕಾಲಿನ ಎಳೆಗಳು ಸುತ್ತಲೂ ನೀರನ್ನು ಹಿಡಿದಿಟ್ಟುಕೊಂಡು ರಕ್ತದ ಪ್ರೋಟೀನುಗಳು ಅಂಟದಂತೆ ತಡೆಯುತ್ತವೆ. ಗುರುತು ಹೇಳುವವರಿಲ್ಲದೆ ಕುಪ್ಫರ್ ಕೋಶಗಳು ಗುಳ್ಳೆಯನ್ನು ಬಹಳ ಹೊತ್ತು ಬಿಟ್ಟುಬಿಡುತ್ತವೆ. ಹೃದಯದ ನಾಳಗಳ ಗೋಡೆ ಬಿಗಿ, ಗುಳ್ಳೆ ನುಸುಳಲಾರದು. ಅವಸರದಲ್ಲಿ ಬೆಳೆದ ಗಡ್ಡೆಯ ನಾಳಗಳ ಗೋಡೆಯಲ್ಲಿ ಬಿರುಕುಗಳಿರುತ್ತವೆ, ಗುಳ್ಳೆ ಅಲ್ಲಿ ಇಳಿಯುತ್ತದೆ. ಆದರೆ ದಿನಗಟ್ಟಲೆ ಸುತ್ತುವ ಗುಳ್ಳೆ ಗಡ್ಡೆಗಷ್ಟೇ ಹೋಗಿ ನಿಲ್ಲಲಿಲ್ಲ. ಅಂಗೈ, ಅಂಗಾಲುಗಳ ಚರ್ಮದಲ್ಲೂ ಇಳಿಯಿತು. ಅಲ್ಲಿ ಕೆಂಪಾಗಿ ಉರಿದು ಚರ್ಮ ಸುಲಿಯಿತು. ವೈದ್ಯರು ಡೋಸ್ ತಗ್ಗಿಸಿದರು, ಎರಡು ಡ್ರಿಪ್ಪುಗಳ ನಡುವೆ ಮೂರು ನಾಲ್ಕು ವಾರಗಳ ಅಂತರ ಇಟ್ಟರು.